ನೊಗವೂ ರೆಕ್ಕೆಯೂ – ಒಬ್ಬ ಹಳೆಯ ವಿದ್ಯಾರ್ಥಿಗೆ ಉತ್ತರ



ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕಾಫಿ ಲೋಟವನ್ನು ಕೆಳಗಿಡುತ್ತ ಹೀಗೆಂದ: “ಸಾರ್, ಫಾರ್ಮುಲಾ ಒನ್ ಕೆಟ್ಟದ್ದೇ ನಿಯಮ ಮಾಡುವವರಿಂದ. ಗಾಳಿಯನ್ನು ಪಳಗಿಸುವ ಹೊಸ ಉಪಾಯವೊಂದನ್ನು ಇಂಜಿನಿಯರುಗಳು ಕಂಡುಕೊಳ್ಳುವುದೇ ತಡ, ಇವರು ಅದಕ್ಕೊಂದು ಬೇಲಿ ಹಾಕುತ್ತಾರೆ. ಇದು ವಿಜ್ಞಾನದ ಕೊಲೆಯಲ್ಲವೇ?” ಅವನು ಇಂದು ಹೆಸರಾಂತ ಇಂಜಿನಿಯರ್, ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು, ಮೊಮ್ಮಗನ ಪಕ್ಕದಲ್ಲಿ ಕುಳಿತು ದೂರದರ್ಶನದಲ್ಲಿ ಕಾರಿನ ಓಟ ನೋಡಲು ಕಲಿತವನು. ಹಬ್ಬದ ದಿನ ವಾದ ಬೆಳೆಸಬಾರದೆಂದು ಸುಮ್ಮನಾದೆ. ಆದರೆ ಆ ಮಾತು ಒಪ್ಪತಕ್ಕದ್ದಲ್ಲ. ಅವನು ಈ ಪುಟವನ್ನು ಓದುತ್ತಾನೆಂದು ಬಲ್ಲೆನಾದ್ದರಿಂದ ಇಲ್ಲಿಯೇ ಉತ್ತರಿಸುತ್ತೇನೆ.

ನಮ್ಮೂರಿನಲ್ಲಿ ಗಾಡಿಗೆ ಮೂಟೆ ಹೇರುವಾಗ ಹಿರಿಯರು ಗಮನಿಸುತ್ತಿದ್ದುದು ಎಷ್ಟು ಮೂಟೆ ಎಂಬುದನ್ನಷ್ಟೇ ಅಲ್ಲ, ಅವು ಅಚ್ಚಿನ ಯಾವ ಕಡೆಗಿವೆ ಎಂಬುದನ್ನು. ಮುಂಭಾರವಾದರೆ ನೊಗವು ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಒಂದು ಮೂಟೆಯನ್ನು ಮೊಳದಷ್ಟು ಸರಿಸಿದರೆ ಗಾಡಿಯ ನಡೆಯೇ ಬದಲಾಗುತ್ತಿತ್ತು.

ಓಟದ ಕಾರಿನಲ್ಲಿ ಈ ಮೂಟೆ ಹೇರುವುದು ಗಾಳಿ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಕಟ್ಟಿದರೆ ಅದು ಕಾರನ್ನು ಎತ್ತುವ ಬದಲು ನೆಲಕ್ಕೆ ಒತ್ತುತ್ತದೆ. ಈ ಒತ್ತುಬಲವು ವೇಗದ ವರ್ಗಕ್ಕೆ ಅನುಗುಣವಾದದ್ದು: ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಷ್ಟಿದೆಯೋ 200ರಲ್ಲಿ ಅದರ ನಾಲ್ಕು ಪಟ್ಟು, 300ರಲ್ಲಿ ಒಂಬತ್ತು ಪಟ್ಟು. ದ್ರವ್ಯರಾಶಿ ಹೆಚ್ಚದೆ ಟೈರಿನ ಮೇಲಿನ ಭಾರ ಮಾತ್ರ ಹೆಚ್ಚುವುದರಿಂದ ಕಾರು ತಿರುವಿನಲ್ಲಿ ಜಾರದೆ ಅಂಟಿಕೊಂಡು ಹೋಗುತ್ತದೆ. ಆದರೆ ಈ ಭಾರ ಮುಂಚಕ್ರಗಳ ಮೇಲೆ ಕಡಿಮೆಯಾದರೆ ಚಾಲಕ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗಲೊಲ್ಲದು, ಇದು ಅಂಡರ್‌ಸ್ಟಿಯರ್. ಹಿಂಚಕ್ರಗಳ ಮೇಲೆ ಕಡಿಮೆಯಾದರೆ ಬಾಲವೇ ಹೊರಗೆ ಬೀಸುತ್ತದೆ, ಇದು ಓವರ್‌ಸ್ಟಿಯರ್. ನಿಧಾನದ ತಿರುವಿನಲ್ಲಿ ಸಮತೋಲವನ್ನು ನಿರ್ಧರಿಸುವುದು ಬಹುಪಾಲು ಸ್ಪ್ರಿಂಗು ಮತ್ತು ಟೈರು. ವೇಗದ ತಿರುವಿನಲ್ಲಿ ಗಾಳಿ. ಇದಕ್ಕಿಂತ ಕಷ್ಟದ ಸಂಗತಿಯೆಂದರೆ, ಈ ಮೂಟೆ ಒಂದೆಡೆ ನಿಲ್ಲುವುದಿಲ್ಲ. ಬ್ರೇಕ್ ಒತ್ತಿದೊಡನೆ ಮೂತಿ ತಗ್ಗಿ, ಮುಂದಿನ ರೆಕ್ಕೆ ನೆಲಕ್ಕೆ ಸಮೀಪಿಸಿ, ಭಾರದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಆ ಕ್ಷಣದಲ್ಲಿಯೇ ಬಾಲ ಹಗುರಾಗುತ್ತದೆ. ಆದುದರಿಂದ ಒಟ್ಟು ಒತ್ತುಬಲ ಎಷ್ಟೆಂಬ ಅಂಕೆಯೊಂದನ್ನೇ ಹಿಡಿದು ಕಾರನ್ನು ಅಳೆಯುವುದು, ಮೂಟೆ ಎಣಿಸಿ ಗಾಡಿಯನ್ನು ಹೊಗಳಿದಂತೆ.

ಇನ್ನು ಚರಿತ್ರೆ. 1968ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ ರೆಕ್ಕೆ ಬಂದಿತು. ವರ್ಷ ಕಳೆಯುವುದರೊಳಗೆ ಅವು ಸಪೂರ ಕಂಬಗಳ ಮೇಲೆ ಆಳೆತ್ತರಕ್ಕೆ ಏರಿದವು. 1969ರ ಮೇ 4ರಂದು ಬಾರ್ಸಿಲೋನಾದ ಮೊಂಜುಯಿಕ್‌ನಲ್ಲಿ ಗ್ರಹಾಂ ಹಿಲ್ ಮತ್ತು ಯೊಖೆನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ರೆಕ್ಕೆಗಳೂ ಒಂದೇ ಸ್ಪರ್ಧೆಯಲ್ಲಿ ಮುರಿದುಬಿದ್ದವು. ರಿಂಟ್‌ಗೆ ಮುಖಕ್ಕೆ ಪೆಟ್ಟಾಯಿತು. ಅದೇ ತಿಂಗಳು ಮೊನಾಕೊದಲ್ಲಿ ಎತ್ತರದ ರೆಕ್ಕೆಗಳನ್ನು ನಿಷೇಧಿಸಲಾಯಿತು. ವಿಜ್ಞಾನ ಸತ್ತಿತೇ? ಇಲ್ಲ, ರೆಕ್ಕೆ ತಗ್ಗಿ, ಕಾರಿನ ಮೈಗೆ ಭದ್ರವಾಗಿ ಕೂತಿತು.

1978ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ 79 ಕಾರು ಇನ್ನೊಂದು ಹೆಜ್ಜೆ ಇಟ್ಟಿತು. ತಳದಲ್ಲಿ ಸುರಂಗದಂತಹ ಹಾದಿ. ಕಿರಿದಾದೆಡೆ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಕಾರು ನೆಲಕ್ಕೆ ಹೀರಲ್ಪಡುತ್ತದೆ. ಬೆರ್ನೂಲಿಯ ತತ್ತ್ವವೆಂದು ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ನಿಮಗೆ ನೆನಪಿರಬಹುದು. ಮಾರಿಯೊ ಆಂಡ್ರೆಟ್ಟಿ ಆ ವರ್ಷ ವಿಶ್ವಚಾಂಪಿಯನ್ ಆದರು. ಪಕ್ಕದಿಂದ ಗಾಳಿ ನುಸುಳದಂತೆ ನೆಲ ಸವರುವ ಅಂಚುಪಟ್ಟಿಗಳಿದ್ದವು. ಅವು ಸಿಕ್ಕಿಕೊಂಡರೆ ತಿರುವಿನ ನಡುವೆಯೇ ಹೀರುಬಲ ಮಾಯವಾಗುತ್ತಿತ್ತು. 1983ಕ್ಕೆ ಚಪ್ಪಟೆ ತಳ ಕಡ್ಡಾಯವಾಯಿತು.

ಈ ಸುರಂಗದ ತಳ 2022ರಲ್ಲಿ ಮರಳಿತು. ಸದುದ್ದೇಶದಿಂದಲೇ ಬಂದಿತು, ಒಂದು ಕಾರು ಇನ್ನೊಂದನ್ನು ಸಮೀಪದಿಂದ ಹಿಂಬಾಲಿಸಲು ಸಾಧ್ಯವಾಗಲೆಂದು. ಆದರೆ ತಳವು ನೆಲಕ್ಕೆ ತೀರ ಸಮೀಪಿಸಿದಾಗ ಗಾಳಿಯ ಹರಿವು ಕಟ್ಟಿಕೊಳ್ಳುತ್ತದೆ, ಹೀರುಬಲ ತಟ್ಟನೆ ಕುಸಿಯುತ್ತದೆ, ಕಾರು ಮೇಲೇಳುತ್ತದೆ. ಎದ್ದೊಡನೆ ಹರಿವು ಮರಳಿ ಮತ್ತೆ ಕೆಳಕ್ಕೆ ಸೆಳೆಯುತ್ತದೆ. ಸೆಕೆಂಡಿಗೆ ಹಲವು ಬಾರಿ ಈ ಕುಟ್ಟಾಟ. ಗಾಳಿಸುರಂಗದಲ್ಲಿ ಪರೀಕ್ಷೆಗೆ ಇಡುವುದು ಶೇಕಡಾ 60ರ ಅಳತೆಯ ಮಾದರಿಯನ್ನು, ಅದೂ ಸೆಕೆಂಡಿಗೆ 50 ಮೀಟರ್ ವೇಗದ ಮಿತಿಯೊಳಗೆ. ಅಲ್ಲಿ ಸುಂದರವಾಗಿ ಕಂಡ ಅಂಕೆ ರಸ್ತೆಯಲ್ಲಿ ಉಳಿಯಲಿಲ್ಲ. ಅದುವರೆಗೆ ಎಂಟು ವರ್ಷ ಸತತವಾಗಿ ತಂಡಪ್ರಶಸ್ತಿ ಗೆದ್ದಿದ್ದ ಮರ್ಸಿಡಿಸ್, ಆ ವರ್ಷ ಗೆದ್ದ ಗ್ರ್ಯಾನ್ ಪ್ರಿ ಒಂದೇ ಒಂದು. ಜೂನ್ 12ರಂದು ಬಾಕುವಿನಲ್ಲಿ ಎರಡು ಕಿ.ಮೀ.ಗೂ ಮಿಕ್ಕ ನೇರ ಹಾದಿಯಲ್ಲಿ ಸುತ್ತು ಸುತ್ತಿಗೂ ಕುಟ್ಟಿಸಿಕೊಂಡ ಲೂಯಿಸ್ ಹ್ಯಾಮಿಲ್ಟನ್, ಓಟ ಮುಗಿದಾಗ ಸೊಂಟ ಹಿಡಿದುಕೊಂಡು ವೃದ್ಧನಂತೆ ಕಾರಿನಿಂದ ಇಳಿದರು. ಏಳು ಬಾರಿಯ ವಿಶ್ವಚಾಂಪಿಯನ್!

ಆಗ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ, ಚಾಲಕರ ಆರೋಗ್ಯದ ದೃಷ್ಟಿಯಿಂದ ಕುಟ್ಟಾಟಕ್ಕೊಂದು ಮಿತಿಯನ್ನು ಗೊತ್ತುಪಡಿಸಿ ಆಗಸ್ಟ್‌ನಲ್ಲಿ ಬೆಲ್ಜಿಯಂ ಸ್ಪರ್ಧೆಯಿಂದ ಜಾರಿಗೊಳಿಸಿತು; 2023ಕ್ಕೆ ತಳದ ಅಂಚನ್ನು 15 ಮಿ.ಮೀ. ಎತ್ತರಿಸಿತು. ಅಂದು ರೆಡ್ ಬುಲ್ ತಂಡದ ಮುಖ್ಯಸ್ಥರಾಗಿದ್ದ ಕ್ರಿಶ್ಚಿಯನ್ ಹಾರ್ನರ್ ಅವರ ವಾದವೂ, ನನ್ನ ಶಿಷ್ಯನ ವಾದವೂ ಒಂದೇ: ಕಾರನ್ನು ಎತ್ತರಿಸಿಕೊಂಡರೆ ಕುಟ್ಟಾಟ ನಿಲ್ಲುತ್ತದಲ್ಲ; ಸರಿಯಾಗಿ ಕಟ್ಟಿದವರಿಗೇಕೆ ಶಿಕ್ಷೆ?

ಕೇಳಲು ನ್ಯಾಯವಾಗಿದೆ. ಆದರೆ ಮಗು, ಯೋಚಿಸು. ಎತ್ತರಿಸಿದರೆ ಒತ್ತುಬಲ ಕುಗ್ಗುತ್ತದೆ, ಸುತ್ತಿನ ಕಾಲ ಹೆಚ್ಚುತ್ತದೆ. ಕಾರಿನ ಎತ್ತರ ನಿರ್ಧರಿಸುವವನ ಬೆನ್ನು ಬೇರೆ, ಕುಟ್ಟಿಸಿಕೊಳ್ಳುವವನ ಬೆನ್ನು ಬೇರೆ. ಚಾಲಕನೊಬ್ಬ “ನನಗೆ ಸಾಕು” ಎಂದರೆ ಅವನ ಆಸನಕ್ಕೆ ಹಾತೊರೆಯುವವರು ಹಲವರು. ತಾನಾಗಿ ಬೇಡವೆನ್ನುವ ಸ್ವಾತಂತ್ರ್ಯ ಒಬ್ಬೊಬ್ಬನಿಗೂ ಕಾಗದದ ಮೇಲಿದೆ, ಓಟದಲ್ಲಿಲ್ಲ. ಎಲ್ಲರಿಗೂ ಒಂದೇ ಮಿತಿ ಇದ್ದಾಗ ಮಾತ್ರ ಬೆನ್ನು ಉಳಿಸಿಕೊಂಡವನು ಸೋಲಬೇಕಾಗಿಲ್ಲ. ಇದು ಬೇಲಿಯಲ್ಲ, ಒಡ್ಡು.

ನಿಯಮ ಮಾಡುವವರು ತಪ್ಪೇ ಮಾಡರೆಂದು ನಾನು ಹೇಳುವುದಿಲ್ಲ. ಕಾರಿನ ಎತ್ತರವನ್ನು ಸದಾ ಒಂದೇ ಸಮ ಇಡುತ್ತಿದ್ದ ಸಕ್ರಿಯ ಸಸ್ಪೆನ್ಷನ್ನನ್ನು 1994ಕ್ಕೆ ನಿಷೇಧಿಸಿದರು. ಆ ಋತುವಿನ ವಿಲಿಯಮ್ಸ್ ಕಾರು ವಾಯುಬಲದ ದೃಷ್ಟಿಯಿಂದ ಅಸ್ಥಿರವಾಗಿತ್ತೆಂದು ಅದನ್ನು ವಿನ್ಯಾಸಗೊಳಿಸಿದ ಏಡ್ರಿಯನ್ ನ್ಯೂಯಿ ಅವರೇ 2017ರ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಮೇ 1ರಂದು ಇಮೋಲಾದಲ್ಲಿ ಐರ್ಟನ್ ಸೆನ್ನಾ ಆ ಕಾರಿನಲ್ಲಿಯೇ ತೀರಿಕೊಂಡರು. ಸ್ಟಿಯರಿಂಗ್ ಕಂಬದ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಅದರ ತೀರ್ಪು ನನ್ನ ಕೆಲಸವಲ್ಲ. ಆದರೆ ಹಿಂದಿನ ದಿನವೇ ಅಲ್ಲಿ ರೋಲಂಡ್ ರಾಟ್ಸೆನ್‌ಬರ್ಗರ್ ಎಂಬ ಆಸ್ಟ್ರಿಯದ ಚಾಲಕ ಸತ್ತದ್ದನ್ನು ಎಷ್ಟು ಮಂದಿ ನೆನೆಯುತ್ತಾರೆ? ಗಂಟೆಗೆ 300 ಕಿ.ಮೀ.ಗೂ ಮೀರಿದ ವೇಗದಲ್ಲಿ ಮುಂದಿನ ರೆಕ್ಕೆ ಕಳಚಿತು. ಮುಂಚಕ್ರಗಳ ಮೇಲಿನ ಮೂಟೆ ಒಮ್ಮೆಲೇ ಇಲ್ಲವಾಯಿತು. ಕಾರು ತಿರುಗದೆ ಗೋಡೆಗೆ ಹೋಯಿತು. ಸಮತೋಲವೆಂದರೆ ಏನೆಂದು ಕೇಳುವವರಿಗೆ ಇದಕ್ಕಿಂತ ಕಠೋರವಾದ ಪಾಠವಿಲ್ಲ.

2026ರ ನಿಯಮಗಳಲ್ಲಿ ಆ ಆಳದ ಸುರಂಗಗಳು ಹೋಗಿ ತಳ ಮತ್ತೆ ಹೆಚ್ಚು ಚಪ್ಪಟೆಯಾಗಿದೆ. ನೇರ ಹಾದಿಯಲ್ಲಿ ರೆಕ್ಕೆ ಮಲಗಿ ಗಾಳಿಯ ತಡೆಯನ್ನು ಕಡಿಮೆ ಮಾಡುತ್ತದೆ, ತಿರುವು ಬಂದಾಗ ಏಳುತ್ತದೆ. 2011ರಿಂದ 2025ರವರೆಗೆ ಹಿಂದಿನ ರೆಕ್ಕೆ ಮಾತ್ರ ತೆರೆಯುತ್ತಿತ್ತು. ಈಗ ಮುಂದಿನದೂ ಹಿಂದಿನದೂ ಎರಡೂ. ಏಕೆಂದು ನೀನೇ ಹೇಳು: ಹಿಂಭಾರವನ್ನು ಇಳಿಸುವವನು ಮುಂಭಾರವನ್ನೂ ಇಳಿಸಬೇಡವೇ? ಬೇಲಿಯೊಳಗಿದ್ದೇ ಹುಟ್ಟಿದ ವಿಜ್ಞಾನವಿದು.

ಕೊನೆಯದಾಗಿ ಒಂದು ನೆನಪು. ನಮ್ಮ ತಂದೆಯವರು ಸಂತೆಯಿಂದ ಬಂದು ಗಾಡಿ ಬಿಟ್ಟೊಡನೆ, ಮೂಟೆಯ ಕಡೆಗೆ ನೋಡುತ್ತಿರಲಿಲ್ಲ. ಲಾಟೀನು ಹಿಡಿದು ಮೊದಲು ಎತ್ತುಗಳ ಹೆಗಲು ಸವರಿ, ಬಾವು ಬಂದಿದೆಯೇ ಎಂದು ನೋಡುತ್ತಿದ್ದರು. ಬಾವಿದ್ದರೆ ಮರುದಿನ ಮೂಟೆ ಇಳಿಯುತ್ತಿತ್ತು, ದರ ಎಷ್ಟೇ ಇರಲಿ. ಹ್ಯಾಮಿಲ್ಟನ್ ಅವರು ಈ ಹೋಲಿಕೆಯನ್ನು ಕ್ಷಮಿಸಲಿ. ಮುಂದಿನ ಹಬ್ಬಕ್ಕೆ ನೀನು ಬಂದಾಗ ವಾದ ಮುಂದುವರಿಸೋಣ. ಕಾಫಿ ಇದ್ದೇ ಇದೆ.