ನಮ್ಮವರಿಗಾದರೆ ‘ವೀಸಾ ಪ್ರಾಬ್ಲಂ’, ಅವರಿಗಾದರೆ ‘ನುಸುಳುಕೋರ’

ಬಿಜೂರಿನಿಂದ ಶಿರೂರಿನ ತನಕ ಹೆದ್ದಾರಿಯ ಆಚೆ ಈಚೆ ಏಳುತ್ತಿರುವ ಹೊಸ ಮನೆಗಳನ್ನು ನೋಡಿ. ಹಣ ದುಬೈಯದ್ದೋ, ಸೌದಿಯದ್ದೋ, ಬೆಂಗಳೂರಿನ ಹೋಟೆಲಿನದ್ದೋ ಆಗಿರುತ್ತದೆ. ಸೆಂಟ್ರಿಂಗ್ ಕಟ್ಟುವವರು, ಟೈಲ್ಸ್ ಕೂರಿಸುವವರು ಮಾತ್ರ ಹೆಚ್ಚಾಗಿ ಬಂಗಾಳ, ಬಿಹಾರ, ಒಡಿಶಾದವರು. ಗಂಗೊಳ್ಳಿ, ಮಲ್ಪೆಯ ಬೋಟುಗಳಲ್ಲೂ ಹಾಗೆಯೇ. ಊರಿನ ಹುಡುಗರು ದುಡಿಯಲು ಹೊರಗೆ ಹೋದರು, ಹೊರಗಿನ ಹುಡುಗರು ದುಡಿಯಲು ಊರಿಗೆ ಬಂದರು.

ನಮ್ಮ ಮನೆಯಲ್ಲಿ ಉರ್ದು ಮಾತಾಡುವುದರಿಂದ ಪಕ್ಕದ ಕಟ್ಟಡದ ಕೆಲಸದವರು ನೀರಿಗೋ, ಅಂಗಡಿ ದಾರಿ ಕೇಳಲೋ ನಮ್ಮಲ್ಲಿಗೇ ಬರುತ್ತಾರೆ. ಅಮ್ಮಿಗೆ ಅವರ ಹಿಂದಿ ಅರ್ಥವಾಗುತ್ತದೆ. ಇದೇ ಕಾರಣಕ್ಕೆ ಊರಿನವರು ನನ್ನ ಹತ್ತಿರ ಕೇಳುವುದೂ ಉಂಟು: “ಅವ್ರ್ ಬಾಂಗ್ಲಾದವ್ರ್ ಅಲ್ದಾ?” ನನಗೆ ಹೇಗೆ ಗೊತ್ತಾಗಬೇಕು? ಅವರು ಹೇಳುವುದು ಮುರ್ಷಿದಾಬಾದ್ ಜಿಲ್ಲೆ ಎಂದು. ಅದು ಪಶ್ಚಿಮ ಬಂಗಾಳದಲ್ಲಿದೆ, ಪದ್ಮಾ ನದಿಯ ಈಚೆ ದಡದಲ್ಲಿ. ಆಚೆ ದಡ ಬಾಂಗ್ಲಾದೇಶ. ಎರಡೂ ದಡದ ಭಾಷೆ ಬಂಗಾಳಿಯೇ. ಮಾತು ಕೇಳಿ, ಲುಂಗಿ ನೋಡಿ ದೇಶ ಹೇಳಲು ನನ್ನಿಂದಲೂ ಆಗದು, ಕೇಳಿದವರಿಂದಲೂ ಆಗದು.

ಈ ಸಂಶಯ ಗಾಳಿಯಿಂದ ಬಂದದ್ದಲ್ಲ ಎನ್ನುವುದನ್ನೂ ಒಪ್ಪಬೇಕು. 2024ರ ಅಕ್ಟೋಬರಿನಲ್ಲಿ ನಮ್ಮದೇ ಉಡುಪಿ ಜಿಲ್ಲೆಯ ಮಲ್ಪೆ ಪೊಲೀಸರು ನಕಲಿ ಆಧಾರ್ ಇಟ್ಟುಕೊಂಡು ವಾಸವಾಗಿದ್ದ ಬಾಂಗ್ಲಾದೇಶದ ಕೆಲವರನ್ನು ಬಂಧಿಸಿದರು. ಪ್ರಕರಣ ಬೆಳಕಿಗೆ ಬಂದದ್ದು ಅವರಲ್ಲೊಬ್ಬ ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಾಗ. ಅವನು ಹೊರಟಿದ್ದದ್ದು ದುಬೈಗೆ! ನಮ್ಮ ಅಣ್ಣಂದಿರು, ಚಾಚಾಗಳು ಹೋಗುವ ಅದೇ ನಿಲ್ದಾಣ, ಅದೇ ಊರು. ನಕಲಿ ಆಧಾರ್ ತಪ್ಪೇ, ಅದರಲ್ಲಿ ವಾದವಿಲ್ಲ. ಅದರ ಪೆಟ್ಟು ಮೊದಲು ಬೀಳುವುದು ಮುರ್ಷಿದಾಬಾದಿನ ಹುಡುಗನ ಮೇಲೆ. ಅವನ ಅಸಲಿ ಆಧಾರನ್ನೂ ಯಾರೂ ನಂಬದಂತಾಗುತ್ತದೆ. ದುಡ್ಡು ತೆಗೆದುಕೊಂಡು ಅಂಥ ಕಾರ್ಡು ಮಾಡಿಸಿಕೊಡುವ ದಲ್ಲಾಳಿಗಳನ್ನು ಹುಡುಕಿ ಹಿಡಿಯಬೇಕು ಎಂದು ನಾನೂ ಹೇಳುತ್ತೇನೆ.

ಆದರೆ ಹಿಡಿಯುವ ರೀತಿ ಒಂದಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶೀಯರು’ ಎಂಬ ಆರೋಪದ ಮೇಲೆ ಕೂಲಿಯವರ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡ ಮಾತಾಡುವವರ ಗುಡಿಸಲೂ ಬಿತ್ತು ಎಂದಾಯಿತು. ಹೈಕೋರ್ಟು ಪೊಲೀಸರಿಗೆ ಹೀಗೆ ತೆರವು ಮಾಡಿಸುವ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿತು. ಇನ್ನು ಅದೇ ವರ್ಷದ ಮೇ ತಿಂಗಳಿಗೆ ಬನ್ನಿ. ಲಾಕ್‌ಡೌನಿನಲ್ಲಿ ಕೂಲಿಯವರು ಊರಿಗೆ ಹೊರಟು ನಿಂತಿದ್ದಾಗ, ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆಯ ನಂತರ, ರಾಜ್ಯ ಸರಕಾರ ಅವರ ವಿಶೇಷ ರೈಲುಗಳನ್ನೇ ರದ್ದು ಮಾಡಿತು. ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಜನವರಿಯಲ್ಲಿ ಹೋಗಿ ಎಂದವರು ಮೇ ತಿಂಗಳಲ್ಲಿ ಹೋಗಬೇಡಿ ಎಂದರು. ನಡುವೆ ನಾಲ್ಕೇ ತಿಂಗಳು.

ಈಗ ನಮ್ಮ ಮನೆಯ ವಿಷಯ. ನನ್ನ ಮಾಮು ಶಾರ್ಜಾದಲ್ಲಿದ್ದರು. ಅವರನ್ನು ಕರೆಸಿಕೊಂಡ ಕಂಪನಿ ಸಂಬಳ ಬಾಕಿ ಇಟ್ಟು ಮುಚ್ಚಿತು, ವೀಸಾ ಮುಗಿಯಿತು. ಬರಿಗೈಯಲ್ಲಿ ಹೇಗೆ ವಾಪಸು ಬರುವುದು? ಎರಡು ವರ್ಷ ಕದ್ದುಮುಚ್ಚಿ ಪೇಂಟಿಂಗ್ ಮಾಡಿದರು. ಪೊಲೀಸರ ಗಾಡಿ ಕಂಡರೆ ಗಲ್ಲಿ ಬದಲಿಸುತ್ತಿದ್ದರಂತೆ. ಆ ದುಡ್ಡಿನಲ್ಲೇ ನಾನಿಯ ಕಣ್ಣಿನ ಆಪರೇಷನ್ ಆಯಿತು, ಖಾಲಾರ ಮದುವೆ ಆಯಿತು. 2018ರಲ್ಲಿ ಯುಎಇ ಸರಕಾರ ಕ್ಷಮಾದಾನ ಘೋಷಿಸಿದಾಗ ಔಟ್‌ಪಾಸ್ ಮಾಡಿಸಿಕೊಂಡು ಬಂದರು. ಜೈಲಿಲ್ಲ, ಅವಧಿ ಮೀರಿ ಉಳಿದದ್ದಕ್ಕೆ ದಂಡವೂ ಇಲ್ಲ. 2024ರಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನ ತನಕ ಆ ದೇಶ ಇನ್ನೊಮ್ಮೆ ಅಂಥ ಅವಕಾಶ ಕೊಟ್ಟಿತು. 2013ರಲ್ಲಿ ಸೌದಿ ಕೊಟ್ಟ ಗಡುವಿನಲ್ಲಿ ಮರಳಿದ ಭಾರತೀಯರು ಲಕ್ಷಕ್ಕೂ ಹೆಚ್ಚು. ನಮ್ಮ ಕರಾವಳಿಯಲ್ಲಿ ‘ಆಜಾದ್ ವೀಸಾ’ ಎಂಬ ಮಾತು ಕೇಳದವರು ಕಡಿಮೆ. ಒಬ್ಬ ಕಫೀಲನ ಹೆಸರಿನಲ್ಲಿ ಹೋಗಿ ಇನ್ನೊಬ್ಬನಲ್ಲಿ ದುಡಿಯುವುದು ಅದು. ಹೆಸರು ಆಜಾದ್, ಅಲ್ಲಿನ ಕಾನೂನಿನ ಪ್ರಕಾರ ಅಕ್ರಮ.

ಮಾಮು ಬಂದಾಗ ಊರಿನಲ್ಲಿ ಯಾರೂ ಅವರನ್ನು ನುಸುಳುಕೋರ ಎನ್ನಲಿಲ್ಲ. “ವೀಸಾ ಪ್ರಾಬ್ಲಂ ಆಯ್ತಂತೆ, ಪಾಪ, ತುಂಬ ಕಷ್ಟ ಪಟ್ಟ” ಎಂದರು. ಎಲ್ಲ ಜಾತಿ, ಧರ್ಮದವರೂ ಹಾಗೇ ಅಂದರು, ಯಾಕೆಂದರೆ ಎಲ್ಲರ ಮನೆಯಲ್ಲೂ ಅಂಥವರು ಒಬ್ಬರಾದರೂ ಇದ್ದಾರೆ. ಆ ‘ಪಾಪ’ ಎಂಬ ಮಾತು ಪಕ್ಕದ ಕಟ್ಟಡದವನ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ ಎನ್ನುವುದೇ ನನ್ನ ಪ್ರಶ್ನೆ.

ಕಾಮರ್ಸ್ ವಿದ್ಯಾರ್ಥಿಯಾದ ಕಾರಣ ಲೆಕ್ಕವನ್ನೂ ಸ್ವಲ್ಪ ನೋಡೋಣ. 2023–24ರಲ್ಲಿ ವಿದೇಶದಲ್ಲಿರುವ ಭಾರತೀಯರು ದೇಶಕ್ಕೆ ಕಳಿಸಿದ್ದು 118.7 ಬಿಲಿಯನ್ ಡಾಲರ್, ಅದರಲ್ಲಿ ಕರ್ನಾಟಕಕ್ಕೆ ಬಂದ ಪಾಲು ಶೇ. 7.7 ಎನ್ನುತ್ತದೆ ರಿಸರ್ವ್ ಬ್ಯಾಂಕಿನ ಸಮೀಕ್ಷೆ. ನಮ್ಮವರ ಕೊಡುಗೆ ಹೀಗೆ ದಾಖಲಾಗುತ್ತದೆ. ಇಲ್ಲಿ ದುಡಿಯುವ ಹೊರಗಿನವರದ್ದು? ಅವರು ಸೋಪು, ಬಿಸ್ಕತ್ತು ಕೊಂಡಾಗ ಜಿಎಸ್‌ಟಿ ಕಟ್ಟುತ್ತಾರೆ, ಬಿಲ್ಲಿನಲ್ಲಿ ಹೆಸರಿರುವುದಿಲ್ಲ. ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ಶೇ. 1 ಸೆಸ್ ವಸೂಲಾಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆದರೆ ಅದರಿಂದ ನೆರವು ಸಿಗಬೇಕಾದರೆ ಕಾರ್ಮಿಕ ನೋಂದಣಿ ಮಾಡಿಸಿರಬೇಕು. ಅಕೌಂಟೆನ್ಸಿಯಲ್ಲಿ ಒಂದೇ ಬದಿ ಬರೆದರೆ ಟ್ರಯಲ್ ಬ್ಯಾಲೆನ್ಸ್ ಕೂಡುವುದಿಲ್ಲ ಎಂದು ನಮ್ಮ ಸರ್ ದಿನಾ ಹೇಳುತ್ತಾರೆ.

ಕಾನೂನು ಈಗ ಬಿಗಿಯಾಗಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆಯಂತೆ ದಾಖಲೆಯಿಲ್ಲದೆ ದೇಶದೊಳಗೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ. ಸಂಶಯ ಬಂದರೆ ತಾನು ವಿದೇಶಿಯಲ್ಲ ಎಂದು ತೋರಿಸಬೇಕಾದವನು ಅವನೇ. ಇದು ಹೊಸತಲ್ಲ, 1946ರ ಕಾಯ್ದೆಯಲ್ಲೂ ಇತ್ತು. ಆದರೆ ಕಾಗದ ಊರಿನ ಪೆಟ್ಟಿಗೆಯಲ್ಲಿಟ್ಟು ಬಂದ ಕೂಲಿಯವನು ಏನು ತೋರಿಸಿಯಾನು? 2025ರ ಜೂನಿನಲ್ಲಿ ದೆಹಲಿಯಲ್ಲಿ ಹಿಡಿದ ಪಶ್ಚಿಮ ಬಂಗಾಳದ ಗರ್ಭಿಣಿಯೊಬ್ಬರನ್ನು ಗಡಿ ದಾಟಿಸಿ ಬಾಂಗ್ಲಾದೇಶಕ್ಕೆ ಕಳಿಸಿಬಿಟ್ಟರು. ಕಲ್ಕತ್ತಾ ಹೈಕೋರ್ಟು ವಾಪಸು ಕರೆತರಲು ಸೆಪ್ಟೆಂಬರಿನಲ್ಲಿ ಹೇಳಿತು. ಅವರು ಬಂದದ್ದು ಡಿಸೆಂಬರಿನಲ್ಲಿ.

ಅಕ್ರಮವಾಗಿ ಬಂದವರನ್ನು ಕಳಿಸಬಾರದು ಎಂದು ನಾನು ಹೇಳುತ್ತಿಲ್ಲ. ಮಾಮುವನ್ನೂ ಕಳಿಸಿದರು. ಕಳಿಸುವ ಮೊದಲು ದುಡಿದ ಕೂಲಿ ಕೊಡಿಸಿ, ಕೋರ್ಟಿನಲ್ಲಿ ವಿಚಾರಣೆಯಾಗಲಿ, ಮಕ್ಕಳಿದ್ದರೆ ತಾಯಿಯಿಂದ ಬೇರೆ ಮಾಡಬೇಡಿ. ದಲ್ಲಾಳಿ ಹೊರಗೆ, ಕೂಲಿಯವನು ಒಳಗೆ ಎಂದಾಗಬಾರದು. ಸಂಶಯವಿದ್ದವರು ಠಾಣೆಗೆ ತಿಳಿಸಲಿ, ಕೆಲಸದ ಸ್ಥಳಕ್ಕೆ ಹೋಗಿ ಮೊಬೈಲ್ ಹಿಡಿದು ‘ಆಧಾರ್ ತೋರಿಸು’ ಎನ್ನುವ ಅಧಿಕಾರ ನಮಗ್ಯಾರಿಗೂ ಇಲ್ಲ.

ನಮ್ಮ ಕಾಲೇಜಿನಿಂದ ಆಗುವ ಕೆಲಸವೊಂದಿದೆ. ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18 ದಾಟಿದ ಕಾರ್ಮಿಕ ಹೊರರಾಜ್ಯದವನಾದರೂ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಇ-ಶ್ರಮ್ ಕಾರ್ಡೂ ಇದೆ. ಅರ್ಜಿ ತುಂಬಲು ಅವರಿಗೆ ಕನ್ನಡ ಬಾರದು, ಕಚೇರಿಯವರಿಗೆ ಅವರ ಮಾತು ತಿಳಿಯದು. ನಮ್ಮಲ್ಲಿ ಅರ್ಧಕ್ಕರ್ಧ ಮಂದಿಗೆ ಎರಡೂ ಬರುತ್ತದೆ. ಎನ್ಎಸ್ಎಸ್ ವತಿಯಿಂದ ತಿಂಗಳಿಗೆ ಒಂದು ಭಾನುವಾರ ಒಂದು ಮೇಜು, ನಾಲ್ಕು ಕುರ್ಚಿ ಹಾಕಿದರೆ ಸಾಕು. ಪ್ರಿನ್ಸಿಪಾಲರು ಒಪ್ಪಿದರೆ ಮೊದಲ ಭಾನುವಾರಕ್ಕೆ ನಾನು ತಯಾರು. ಪಕ್ಕದ ಕಟ್ಟಡದ ಆರು ಜನರ ಹೆಸರು ಈಗಾಗಲೇ ಬರೆದುಕೊಂಡಿದ್ದೇನೆ.