ಒಂಬತ್ತನೇ ತಾರೀಖಿನ ಬೆಂಚು

ತಿಂಗಳ ಒಂಬತ್ತನೇ ತಾರೀಖು ಬಂತೆಂದರೆ ತಾಲ್ಲೂಕು ಆಸ್ಪತ್ರೆಗಳ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಅಂದು ಬಸುರಿಯರಿಗೆ ವೈದ್ಯರಿಂದಲೇ ಉಚಿತ ತಪಾಸಣೆ. ಕೈಯಲ್ಲಿ ತಾಯಿ ಕಾರ್ಡು, ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟು, ಪಕ್ಕದಲ್ಲಿ ಅತ್ತೆಯೋ ಅಮ್ಮನೋ. ವೈದ್ಯರ ಮುಂದೆ ಕೂರುವುದು ಕೆಲವೇ ನಿಮಿಷ, ಹೊರಗೆ ಕಾಯುವುದು ಗಂಟೆಗಟ್ಟಲೆ. ಆ ಹೊತ್ತಿನಲ್ಲಿ ಬೆಂಚಿನ ಮೇಲೆ ಹುಟ್ಟುವ ಮಾತು ಯಾವ ರಿಜಿಸ್ಟರಿಗೂ ಹೋಗುವುದಿಲ್ಲ.

‘ನಿಮಗೆಷ್ಟರಲ್ಲಿ?’ ‘ಎಂಟು ತುಂಬಿ ಒಂಬತ್ತರಲ್ಲಿ.’ ‘ನಿದ್ದೆ ಬರುತ್ತಾ?’ ‘ಎಲ್ಲಿಯ ನಿದ್ದೆ, ಮಗ್ಗುಲು ಬದಲಿಸುವುದರಲ್ಲೇ ಬೆಳಗಾಗುತ್ತೆ.’ ಹೀಗೆ ಶುರುವಾದದ್ದು ಕಾಲುಬಾವು, ಎದೆಯುರಿ, ಇದ್ದಕ್ಕಿದ್ದಂತೆ ಬಿಗಿಯಾಗಿ ಮತ್ತೆ ಸಡಿಲಾಗುವ ಹೊಟ್ಟೆ, ಗಂಡನ ಮನೆಯ ಮಾತುಗಳವರೆಗೆ ಹರಿಯುತ್ತದೆ. ಮನೆಯಲ್ಲಿ ‘ನಾವೇನು ಹೆತ್ತಿಲ್ವಾ’ ಎಂಬ ಒಂದೇ ಉತ್ತರ ಕೇಳಿ ಸುಮ್ಮನಾದವಳಿಗೆ, ತನ್ನಂತೆಯೇ ಇನ್ನೊಬ್ಬಳಿಗೂ ಆಗುತ್ತಿದೆ ಎಂದು ತಿಳಿಯುವುದೇ ದೊಡ್ಡ ನಿರಾಳ. ನಮ್ಮ ಆರೋಗ್ಯ ವ್ಯವಸ್ಥೆ ಈ ಮಾತನ್ನು ಗದ್ದಲವೆಂದು ಬಗೆದಿದೆ. ಅದನ್ನು ಆರೈಕೆಯ ಒಂದು ಭಾಗವೆಂದು ಎಣಿಸುವ ಕಾಲ ಬಂದಿದೆ.

ಬಸಿರಿನ ಕೊನೆಯ ಮೂರು ತಿಂಗಳು, ಅಂದರೆ 28ನೇ ವಾರದಿಂದಾಚೆಗೆ, ಲೆಕ್ಕ ಬೇರೆಯೇ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ ಎಂಟು ಭೇಟಿಗಳಲ್ಲಿ ಐದು ಈ ಅವಧಿಗೇ ಮೀಸಲು: 30, 34, 36, 38 ಮತ್ತು 40ನೇ ವಾರ. ಬಿ.ಪಿ. ಏರುವುದು, ರಕ್ತಸ್ರಾವ, ದಿನ ತುಂಬುವ ಮೊದಲೇ ನೀರು ಹೋಗುವುದು, ಮಗುವಿನ ಚಲನೆ ಕುಗ್ಗುವುದು ಇವೆಲ್ಲ ಹೆಚ್ಚಾಗಿ ಈಗಲೇ ಎದುರಾಗುತ್ತವೆ. ಎಷ್ಟೋ ಸಲ ಇವುಗಳ ಮೊದಲ ಸುಳಿವು ಸಿಗುವುದು ಯಂತ್ರಕ್ಕಲ್ಲ, ಬಸುರಿಗೆ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ, ಮುಖ ಊದಿದೆ ಎಂದು ಅವಳು ಬಾಯಿಬಿಟ್ಟರೆ ಮುಂದಿನ ತಪಾಸಣೆಗೆ ಕಾಯದೆ ಬಿ.ಪಿ. ಯಂತ್ರ ಹೊರಬರುತ್ತದೆ. ಸೀರಿನ್ ಥಡೇಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ತಾಯಂದಿರ ಸಾವಿನ ಹಿಂದಿರುವ ಮೂರು ವಿಳಂಬಗಳನ್ನು ವಿವರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿನ ತಡ, ತಲುಪುವಲ್ಲಿನ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿನ ತಡ. ಎರಡನೆಯದಕ್ಕೆ 108 ಆಂಬುಲೆನ್ಸ್ ಇದೆ. ಮೂರನೆಯದಕ್ಕೆ ವೈದ್ಯರು, ರಕ್ತನಿಧಿ, ಔಷಧ ಬೇಕು. ಮೊದಲನೆಯದು ನಡುಮನೆಯಲ್ಲೇ ಆಗುವ ತಡ. ಅದಕ್ಕೆ ಮಾತೇ ಮದ್ದು.

ಹಾಗೆಂದು ಬೆಂಚಿನ ಮಾತೆಲ್ಲ ಅಮೃತವೇನಲ್ಲ.

ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಂಪತಿ ದಕ್ಷಿಣ ಕನ್ನಡದ ಹಳ್ಳಿಗಳ ಬಸುರಿಯರ ಊಟದ ಬಗ್ಗೆ ಅಧ್ಯಯನ ಮಾಡಿ 1983ರಲ್ಲಿ ಬರೆದರು. ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಒಂದೇ ಜಾಗ, ಹೆಚ್ಚು ಉಂಡರೆ ಮಗುವಿಗೆ ಇಕ್ಕಟ್ಟು, ಮಗು ದೊಡ್ಡದಾದರೆ ಹೆರಿಗೆ ಕಷ್ಟ ಎಂಬ ನಂಬಿಕೆಗಳು ಅಲ್ಲಿ ದಾಖಲಾಗಿವೆ. ನಲವತ್ತು ವರ್ಷ ಕಳೆದರೂ ಆ ಮಾತು ಪೂರ್ತಿ ಸತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲೂ ಕರ್ನಾಟಕದ ಬಸುರಿಯರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಾಗಿದ್ದರೂ ಉಷ್ಣವೆಂದು ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರಿದ್ದಾರೆ. ಏಳರಲ್ಲಿ ಹುಟ್ಟಿದ್ದು ಉಳಿದರೂ ಎಂಟರಲ್ಲಿ ಹುಟ್ಟಿದ್ದು ಉಳಿಯದು ಎನ್ನುವವರೂ ಇದ್ದಾರೆ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಉಳಿವಿಗೆ ಬಲ ಕೊಡುವಾಗ ಎಂಟು ಏಳಕ್ಕಿಂತ ಕೆಟ್ಟದಾಗುವುದು ಹೇಗೆ? ಎಲ್ಲಕ್ಕಿಂತ ಅಪಾಯದ್ದು ಇನ್ನೊಂದು: ‘ದಿನ ಹತ್ತಿರ ಬಂದಾಗ ಮಗು ಅಲುಗಾಡುವುದು ಕಡಿಮೆಯಾಗುತ್ತೆ, ಹೆದರಬೇಡ.’ ಜಾಗ ಕಡಿಮೆಯಾಗಿ ಚಲನೆಯ ಬಗೆ ಬದಲಾದೀತು. ಹೆರಿಗೆಯ ದಿನದವರೆಗೂ ಮಗು ಆಡುತ್ತಲೇ ಇರಬೇಕು. ಕಡಿಮೆಯಾಯಿತೆನಿಸಿದರೆ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಮಾಧಾನಕ್ಕೆಂದು ಹೇಳಿದ ಮಾತೇ ಇಲ್ಲಿ ಜೀವಕ್ಕೆ ಎರವಾಗಬಹುದು.

ಆದ್ದರಿಂದ ಮಾತಿನ ನಡುವೆ ತಿಳಿದವರೊಬ್ಬರು ಕೂತಿರಬೇಕು. ಭಾಷಣ ಮಾಡಲು ಬೇಡ, ತಪ್ಪು ದಾರಿ ಹಿಡಿದ ಮಾತನ್ನು ತಿರುಗಿಸಲು ಸಾಕು. ಇದು ಬರೀ ಆಸೆಯ ಮಾತಲ್ಲ ಎನ್ನಲು ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಸೀಮೆಯ ಒಂದು ಪ್ರಯೋಗ ಸಾಕ್ಷಿ. ‘ಏಕ್‌ಜುಟ್’ ಎಂಬ ಸಂಸ್ಥೆ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಮಹಿಳೆಯರ ಗುಂಪುಗಳನ್ನು ತಿಂಗಳಿಗೊಮ್ಮೆ ಕೂಡಿಸಿತು. ನಡೆಸುತ್ತಿದ್ದವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅದೇ ಸೀಮೆಯ ಹೆಣ್ಣುಮಗಳು. ಚಿತ್ರದ ಕಾರ್ಡುಗಳು, ಕಥೆ, ಆಟ ಅವಳ ಸಾಮಗ್ರಿ. ಬಸುರಿ ಬಾಣಂತಿಯರಿಗೆ, ಹಸುಗೂಸುಗಳಿಗೆ ಬರುವ ತೊಂದರೆಗಳಲ್ಲಿ ಯಾವುದು ಹೆಚ್ಚು ಕಾಡುತ್ತದೆ ಎಂದು ಗುಂಪೇ ಆರಿಸಬೇಕು, ಏನು ಮಾಡಬಹುದೆಂದು ಗುಂಪೇ ಯೋಚಿಸಬೇಕು, ಮಾಡಿ ನೋಡಿ ಫಲವನ್ನೂ ತಾನೇ ಅಳೆಯಬೇಕು.

2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಸಾವು ಗುಂಪುಗಳಿದ್ದ ಕಡೆ ಶೇ 32ರಷ್ಟು ಕಡಿಮೆ. ತಾಯಂದಿರಲ್ಲಿ ಮಧ್ಯಮ ಪ್ರಮಾಣದ ಖಿನ್ನತೆ ಮೂರನೇ ವರ್ಷಕ್ಕೆ ಶೇ 57ರಷ್ಟು ಕಡಿಮೆ. ಭಾರತ, ನೇಪಾಳ, ಬಾಂಗ್ಲಾದೇಶ ಮತ್ತು ಮಲಾವಿಯ ಇಂಥ ಏಳು ಪ್ರಯೋಗಗಳನ್ನು 2013ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಇನ್ನೊಂದು ಸಂಗತಿ ಕಂಡಿತು. ಊರಿನ ಬಸುರಿಯರಲ್ಲಿ ಕನಿಷ್ಠ ಶೇ 30ರಷ್ಟು ಮಂದಿ ಬಂದು ಕೂತಿದ್ದ ಕಡೆ ಫಲ ಎದ್ದು ಕಾಣುತ್ತಿತ್ತು. ಹಾಜರಿ ಪುಸ್ತಕಕ್ಕಾಗಿ ಹತ್ತು ಜನರನ್ನು ಕರೆದು ಫೋಟೊ ತೆಗೆಸುವವರು ಈ ಅಂಕಿಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಅಲ್ಲಿಯ ಲಾಭವೆಲ್ಲ ಇಲ್ಲಿಯೂ ಹಾಗೆಯೇ ಸಿಕ್ಕೀತೆಂದು ಹೇಳಲಾಗದು. ಅಲ್ಲಿ ಬಹುಪಾಲು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಕೈತೊಳೆಯುವಂಥ ಸರಳ ಅಭ್ಯಾಸಗಳೇ ಅಲ್ಲಿ ಮಕ್ಕಳನ್ನು ಉಳಿಸಿರಬೇಕು. ಕರ್ನಾಟಕದಲ್ಲಿ ಅದೇ ಐದನೇ ಸಮೀಕ್ಷೆಯ ಪ್ರಕಾರ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ. ಹೆರಿಗೆ ಆಸ್ಪತ್ರೆಯಲ್ಲೇ ಆಗುವ ಇನ್ನೊಂದು ಕಡೆಯ ಅನುಭವ ನೋಡೋಣ. ಅಮೆರಿಕದಲ್ಲಿ ಶ್ಯಾರನ್ ಶಿಂಡ್ಲರ್ ರೈಸಿಂಗ್ ಎಂಬ ನರ್ಸ್-ಸೂಲಗಿತ್ತಿ ತೊಂಬತ್ತರ ದಶಕದಲ್ಲಿ ಗುಂಪು ತಪಾಸಣೆಯ ಪದ್ಧತಿ ತಂದರು. ಒಂದೇ ತಿಂಗಳ ಎಂಟು-ಹತ್ತು ಬಸುರಿಯರು ವೃತ್ತಾಕಾರವಾಗಿ ಕೂತು, ತಮ್ಮ ತೂಕ, ಬಿ.ಪಿ. ತಾವೇ ನೋಡಿಕೊಂಡು, ಉಳಿದ ಹೊತ್ತೆಲ್ಲ ಮಾತನಾಡುತ್ತಾರೆ. ಅವಧಿಗೆ ಮುಂಚಿನ ಹೆರಿಗೆ ಇದರಿಂದ ತಗ್ಗುತ್ತದೆ ಎಂದು 2007ರ ಅಧ್ಯಯನವೊಂದು ತೋರಿಸಿತು; ದಕ್ಷಿಣ ಕೆರೊಲಿನಾದಲ್ಲಿ ನಡೆದ ಈಚಿನ ದೊಡ್ಡ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮಾತಿನಿಂದ ಎಲ್ಲವೂ ವಾಸಿಯಾಗುವುದಿಲ್ಲ. ಹೆದರಿಕೆ ಇಳಿದರೆ, ಅಪಾಯದ ಸೂಚನೆ ಬೇಗ ಬಾಯಿಗೆ ಬಂದರೆ ಅಷ್ಟೇ ಲಾಭವೆನ್ನೋಣ. 2018-20ರ ಅಂಕಿಗಳಲ್ಲಿ ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರ ಸಾವಿನೊಂದಿಗೆ ದಕ್ಷಿಣದ ಐದು ರಾಜ್ಯಗಳಲ್ಲೇ ಕೊನೆಯಲ್ಲಿದ್ದ ಕರ್ನಾಟಕಕ್ಕೆ (ಕೇರಳದಲ್ಲಿ 19) ಆ ಲಾಭವೂ ಸಣ್ಣದಲ್ಲ.

ತಮಾಷೆಯೆಂದರೆ ಬಸುರಿಯರನ್ನು ಕೂಡಿಸುವ ಕಷ್ಟದ ಕೆಲಸವನ್ನು ಕರ್ನಾಟಕ ಆಗಲೇ ಮಾಡಿಟ್ಟಿದೆ. ಒಂಬತ್ತನೇ ತಾರೀಖಿನ ಬೆಂಚು ಒಂದು. 2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟ ಇನ್ನೊಂದು. ಮನೆಗಳು ಚದುರಿದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ತುಂಬಿದ ಹೊಟ್ಟೆ ಹೊತ್ತು ಊಟಕ್ಕಾಗಿ ಅಷ್ಟು ದೂರ ನಡೆಯುವುದು ಹೇಗೆ ಎಂಬ ದೂರು ಮೊದಲಿನಿಂದಲೂ ಇದೆ, ಅದು ನ್ಯಾಯವಾದದ್ದೇ. ಮೂರನೆಯದು ಸೀಮಂತ. ಹಳೇ ಮೈಸೂರಿನ ಸೀಮಂತ, ಉತ್ತರ ಕರ್ನಾಟಕದ ಕುಬಸ, ತುಳುನಾಡಿನ ಬಯಕೆ ಎಲ್ಲವೂ ಸಾಮಾನ್ಯವಾಗಿ ಬರುವುದು ಬಸಿರಿನ ಈ ಉತ್ತರಾರ್ಧದಲ್ಲೇ. 2018ರ ಪೋಷಣ್ ಅಭಿಯಾನದ ನಂತರ ಅಂಗನವಾಡಿಗಳೂ ಸೀಮಂತ ಮಾಡುತ್ತಿವೆ. ಹಸಿರು ಬಳೆ, ಅರಿಸಿನ ಕುಂಕುಮ, ಮಡಿಲಿಗೆ ತೆಂಗಿನಕಾಯಿ, ಅತಿಥಿಗಳ ಭಾಷಣ, ಫೋಟೊ. ಹತ್ತು ಹದಿನೈದು ಬಸುರಿಯರು ಸಾಲಾಗಿ ಕೂತಿರುತ್ತಾರೆ. ಅವರಲ್ಲಿ ಒಬ್ಬಳಿಗೂ ಮೈಕ್ ಸಿಗುವುದಿಲ್ಲ. ಅತಿಥಿಗಳು ಹೋದ ಮೇಲೆ ಒಂದು ಗಂಟೆ, ಹೋದ ವರ್ಷ ಹೆತ್ತ ನಾಲ್ವರನ್ನು ಜೊತೆಗೆ ಕೂರಿಸಿ, ನರ್ಸಮ್ಮನ ಎದುರು ಮಾತಿಗೆ ಬಿಟ್ಟರೆ ಖರ್ಚೇನು? ಮಕ್ಕಳಾಗದವರನ್ನು, ಮಗು ಕಳೆದುಕೊಂಡವರನ್ನು, ಗಂಡ ಸತ್ತವರನ್ನು ಆಚೆಗಿಡುವ ಹಳೆಯ ಚಾಳಿ ಸರ್ಕಾರಿ ಸೀಮಂತಕ್ಕಾದರೂ ಬೇಡ. ಮಗು ಕಳೆದುಕೊಂಡವಳಲ್ಲಿ ಇತರರು ಕೇಳಿಸಿಕೊಳ್ಳಬೇಕಾದ ಎಷ್ಟೋ ಸಂಗತಿಗಳಿರುತ್ತವೆ.

ಸೀಮಂತವಾದ ಮೇಲೆ ತವರಿನ ಪ್ರಯಾಣ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬುದು ಪ್ರೀತಿಯ ಕಟ್ಟಳೆ. ದಣಿದ ಸೊಸೆಗೆ ಅದು ರಜೆಯೂ ಹೌದು. ಆದರೆ ಆರೈಕೆಯ ಸರಪಳಿ ಕಡಿಯುವುದು ಇಲ್ಲಿಯೇ. ಏಳು ತಿಂಗಳು ಬಿ.ಪಿ. ಏರಿಳಿತ ನೋಡಿದ ಆಶಾ ಕಾರ್ಯಕರ್ತೆ ಗಂಡನ ಊರಿನಲ್ಲಿ ಉಳಿಯುತ್ತಾಳೆ. ತವರಿನ ಆಶಾಗೆ ಈ ಹುಡುಗಿ ಊರ ಮಗಳು, ಆದರೆ ಅವಳ ಬಸಿರು ಅಪರಿಚಿತ. ತಾಯಿ ಕಾರ್ಡು ಜೊತೆಗೆ ಹೋಗುತ್ತದೆ ನಿಜ. ಕಳೆದ ತಿಂಗಳು ಅವಳು ಯಾವುದಕ್ಕೆ ಹೆದರಿ ಅತ್ತಳು ಎಂಬುದಕ್ಕೆ ಕಾರ್ಡಿನಲ್ಲಿ ಅಂಕಣವಿಲ್ಲ. ಇಬ್ಬರು ಆಶಾಗಳ ನಡುವೆ ಒಂದು ಫೋನು, ಬಂದ ವಾರದಲ್ಲೇ ಹೆರಿಗೆಯ ಆಸ್ಪತ್ರೆಗೆ ಒಂದು ಭೇಟಿ ಕಡ್ಡಾಯವಾಗಲಿ. 

ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಇದೇ ಮಾತುಕತೆ ಮಾರಾಟಕ್ಕಿದೆ. ದೊಡ್ಡ ರಬ್ಬರ್ ಚೆಂಡು, ಮೆತ್ತನೆ ಚಾಪೆ, ಉಸಿರಾಟದ ಅಭ್ಯಾಸ, ಕೊನೆಗೆ ದಂಪತಿಗಳ ಪ್ರಶ್ನೋತ್ತರ. ಕೊಂಡವರಿಗೆ ಲಾಭವೇ. ಅದೇ ನಗರದ ಗಾರ್ಮೆಂಟ್ಸ್ ಲೈನಿನಲ್ಲಿ ಕೂತ ಹುಡುಗಿಗೆ ಆ ತರಗತಿಯಷ್ಟೇ ಅಗತ್ಯ, ಬಿಡುವು ಮಾತ್ರ ಇಲ್ಲ. 2017ರ ತಿದ್ದುಪಡಿಯ ನಂತರ ಕಾನೂನು 26 ವಾರಗಳವರೆಗಿನ ಹೆರಿಗೆ ರಜೆ ಕೊಡುತ್ತದೆ, ಅದರಲ್ಲಿ ಎಂಟು ವಾರಗಳನ್ನು ಹೆರಿಗೆಗೆ ಮೊದಲೇ ಪಡೆಯಬಹುದು. ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಮನೆಗೆಲಸದಲ್ಲಿ ದುಡಿಯುವವರನ್ನು ಆ ಕಾನೂನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ದೇಹದಂತೆ ಮನಸ್ಸೂ ಬಳಲುತ್ತದೆ. ಮನಸ್ಸಿನ ಕಾಯಿಲೆಯಿರುವ ತಾಯಂದಿರನ್ನು ಮಗುವಿನ ಜೊತೆಯಲ್ಲೇ ಇಟ್ಟುಕೊಂಡು ಆರೈಕೆ ಮಾಡುವ ಘಟಕವೊಂದು 2009ರಿಂದ ನಿಮ್ಹಾನ್ಸ್‌ನಲ್ಲಿದೆ. ಅಲ್ಲಿಯವರೆಗೆ ಹೋಗುವ ಮುನ್ನವೇ ‘ನನಗೇನೋ ಸರಿಯಿಲ್ಲ ಅನಿಸುತ್ತೆ’ ಎಂದು ಹೇಳಿಕೊಳ್ಳಲು ಊರಿನಲ್ಲೊಂದು ಜಾಗ ಬೇಕು.

ಇಂಥ ಗುಂಪುಗಳೆಂದರೆ ಆಶಾಗಳ ಮೇಲೆ ಮತ್ತೊಂದು ಹೊರೆಯೇ ಎಂಬ ಆಕ್ಷೇಪ ಬರುತ್ತದೆ. ಬರಲೇಬೇಕು. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಕಳೆದು ಗೌರವಧನ ಕೇಳಿದವರು ಅವರೇ. ಗುಂಪಿನ ಸಭೆಯನ್ನು ಅವರಿಂದ ನಡೆಸುವುದಾದರೆ ಪ್ರತಿ ಸಭೆಗೂ ದುಡ್ಡು ಕೊಡಬೇಕು, ಬದಲಿಗೆ ಬೇರೆ ಯಾವುದಾದರೂ ಆ್ಯಪು ಭರ್ತಿ ಮಾಡುವ ಕೆಲಸ ಕಳೆಯಬೇಕು.

ಇಷ್ಟೆಲ್ಲ ಜೊತೆ ಸಿಕ್ಕವಳನ್ನೂ ನೋವು ಶುರುವಾದ ಮೇಲೆ ಒಂಟಿಯಾಗಿಸುತ್ತೇವೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಹೆರಿಗೆಯಲ್ಲಿ ಕೈ ಹಿಡಿದು ಕೂರುವುದು, ಬೆನ್ನು ನೀವುವುದು ಕೆಲಸದ ಭಾಗವೇ ಆಗಿತ್ತು. ಹೆರಿಗೆ ಆಸ್ಪತ್ರೆಗೆ ಬಂದು ಸಾವುಗಳು ತಗ್ಗಿದವು, ಮನೆಯ ಕಾಲಕ್ಕೆ ಮರಳುವ ಮಾತೇ ಬೇಡ. ಕೈ ಹಿಡಿಯುವವರನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿದ್ದು ಯಾಕೆ? ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ, ಮೊದಲು ಪರಿಚಯವೇ ಇಲ್ಲದ ಸಾಮಾನ್ಯ ಹೆಂಗಸೊಬ್ಬಳನ್ನು ಹೆರುವವಳ ಪಕ್ಕ ಕೂರಿಸಿ ನೋಡಿದರು. 1980ರಲ್ಲಿ ಪ್ರಕಟವಾದ ಆ ಚಿಕ್ಕ ಅಧ್ಯಯನದಲ್ಲಿ ದಾಖಲಾತಿಯಿಂದ ಹೆರಿಗೆಯವರೆಗಿನ ಹೊತ್ತು 19.3 ಗಂಟೆಯಿಂದ 8.8 ಗಂಟೆಗೆ ಇಳಿಯಿತು. ಆಮೇಲೆ 17 ದೇಶಗಳ 26 ಪ್ರಯೋಗಗಳನ್ನು, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಅನುಭವವನ್ನು ಸೇರಿಸಿ ನೋಡಿದ 2017ರ ಕಾಕ್ರೇನ್ ಪರಿಶೀಲನೆಯಲ್ಲಿ ಸಮಯದ ಉಳಿತಾಯ ಅಷ್ಟೊಂದಿರಲಿಲ್ಲ, ಸುಮಾರು ನಲವತ್ತು ನಿಮಿಷ. ಆದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಕಹಿ ನೆನಪು ಕಡಿಮೆ.

ನೆರೆಯ ತಮಿಳುನಾಡು 2004ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಟ್ಟಿತು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ದೇಶಕ್ಕೆಲ್ಲ ಮಾರ್ಗಸೂಚಿ ಹೊರಡಿಸಿತು: ಹೆತ್ತ ಅನುಭವವಿರುವ ಹೆಣ್ಣು ಸಂಬಂಧಿ ಇದ್ದರೆ ಒಳ್ಳೆಯದು, ಶುಚಿಯಾದ ಬಟ್ಟೆ ಇರಬೇಕು, ಸೋಂಕು ಇರಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಆದರೂ ಎಷ್ಟೋ ಕಡೆ ಬಾಗಿಲಲ್ಲಿ ಸಿಗುವ ಉತ್ತರ ‘ಆಚೆ ಇರಿ’. ಸಿಬ್ಬಂದಿ ಹೇಳುವ ಕಾರಣವೂ ಸುಳ್ಳಲ್ಲ. ಒಂದೇ ಕೋಣೆಯಲ್ಲಿ ಮೂರು ನಾಲ್ಕು ಮಂಚ, ನಡುವೆ ಮರೆಯಿಲ್ಲ. ಒಬ್ಬಳ ಅಮ್ಮ ಒಳಗೆ ಬಂದರೆ ಇನ್ನೊಬ್ಬಳ ಮಾನದ ಪ್ರಶ್ನೆ. ಹೊಸ ಕಟ್ಟಡ ಬರುವವರೆಗೆ ಕಾಯುವ ಸಮಸ್ಯೆಯೇ ಇದು? ಮಂಚಗಳ ನಡುವೆ ಕಂಬಿ ಹಾಕಿಸಿ ಪರದೆ ಇಳಿಬಿಟ್ಟರೆ, ಸಂಗಾತಿಗೊಂದು ಸ್ಟೂಲು ಕೊಟ್ಟರೆ ಅರ್ಧ ತಕರಾರು ಮುಗಿಯಿತು. ಅಷ್ಟು ಖರ್ಚು ಮಾಡಲು ಪ್ರತಿ ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಹಣವಿದೆ, ಅಧಿಕಾರವೂ ಇದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಪರದೆಯ ವಿಷಯ ಸೇರಿಸುವಂತೆ ಸಮಿತಿಯಲ್ಲಿರುವ ಊರಿನ ಸದಸ್ಯರು ಕೇಳಲಿ.