ಪೆಟ್ಟಿಗೆ ನಮ್ಮದು, ಕೀಲಿಕೈ ಯಾರದು?

ನಮ್ಮ ಜಮಾಅತ್ ಕಮಿಟಿಗಳು, ಯುವಕ ಸಂಘಗಳು, ಗಲ್ಫ್‌ನ ಅನಿವಾಸಿ ಘಟಕಗಳು ಕಾಗದ ಬಿಟ್ಟು ಮೊಬೈಲಿಗೆ ಬಂದು ವರ್ಷಗಳಾದವು. ಮನೆಗಳ ಪಟ್ಟಿ ಗೂಗಲ್ ಶೀಟಿನಲ್ಲಿ, ವಿದ್ಯಾರ್ಥಿವೇತನದ ಅರ್ಜಿ ಗೂಗಲ್ ಫಾರ್ಮಿನಲ್ಲಿ, ಮೀಟಿಂಗಿನ ತೀರ್ಮಾನ ವಾಟ್ಸ್‌ಆ್ಯಪಿನಲ್ಲಿ. ಕೆಲಸ ಸುಲಭವಾಗಿದೆ, ಒಳ್ಳೆಯದೇ. ಆದರೆ ಈ ಮಾಹಿತಿಯೆಲ್ಲ ಯಾರ ಹಿಡಿತದಲ್ಲಿದೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

'ಡಿಜಿಟಲ್ ಸಾರ್ವಭೌಮತ್ವ' ಎಂಬ ಮಾತು ಕೇಳಿದಾಗ ಅದು ಸರಕಾರಗಳ ವಿಷಯ ಅಂತ ಅನ್ನಿಸುತ್ತದೆ. ಸಂಘಸಂಸ್ಥೆಗಳ ಮಟ್ಟಿಗೆ ಅದರ ಅರ್ಥ ಇಷ್ಟೇ: ನಮ್ಮ ಲೆಕ್ಕಪತ್ರ, ನಮ್ಮ ಜನರ ವಿವರ ನಮ್ಮ ಕೈಯಲ್ಲಿರಬೇಕು, ಬೇರೆಯವರು ಬಾಗಿಲು ಮುಚ್ಚಿದ ದಿನವೂ ಕೆಲಸ ನಡೆಯಬೇಕು.

ಬಾಗಿಲು ಮುಚ್ಚಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2025ರ ಜುಲೈಯಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪೆನಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ ಹಾಕಿದ ನಿರ್ಬಂಧದ ಬಿಸಿ ಅದು. ಕಂಪೆನಿ ದಿಲ್ಲಿ ಹೈಕೋರ್ಟಿಗೆ ಹೋಯಿತು, ಆಮೇಲೆ ಸೇವೆ ಮರಳಿತು. ಅವರಿಗೆ ವಕೀಲರಿದ್ದರು. ಪುಕ್ಕಟೆ ಅಕೌಂಟಿನಲ್ಲಿ ನೂರಾರು ಮನೆಗಳ ವಿವರ ಇಟ್ಟ ಕಮಿಟಿಗೆ ಯಾರಿದ್ದಾರೆ?

ದೂರದ ಕಂಪೆನಿಗಳ ಮಾತು ಹಾಗಿರಲಿ. ಎಷ್ಟೋ ಕಡೆ ಕೀಲಿಕೈ ಇರುವುದು ಕಂಪ್ಯೂಟರ್ ಗೊತ್ತಿರುವ ಒಬ್ಬ ಹುಡುಗನ ಸ್ವಂತ ಜಿಮೇಲಿನಲ್ಲಿ. ಅವನು ದುಬೈಗೆ ಹೋಗಿ ನಂಬರ್ ಬದಲಾದರೆ ದಾಖಲೆಯೂ ಅವನ ಹಿಂದೆಯೇ ಹೋಯಿತು. ಸಹಾಯ ಕೇಳಿದ ಬಡ ಹೆಂಗಸಿನ ಆಧಾರ್ ಪ್ರತಿ, ಆಸ್ಪತ್ರೆ ಚೀಟಿ, ಪಾಸ್‌ಬುಕ್ಕಿನ ಫೋಟೊ ಹತ್ತಾರು ಗ್ರೂಪ್ ಸುತ್ತುತ್ತವೆ. ಝಕಾತಿನ ಹಣವನ್ನು ಅಮಾನತ್ ಎಂದು ಪೈಸೆ ಪೈಸೆ ಲೆಕ್ಕ ಇಡುವವರಿಗೆ ಆಕೆಯ ಮಾಹಿತಿಯೂ ಅಮಾನತ್ ಅಲ್ಲವೇ?

ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶವಿದೆ. ಮಾಹಿತಿ ಕೇಳುವಾಗ ಯಾಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. 18 ವರ್ಷದೊಳಗಿನ ಮಕ್ಕಳದ್ದಾದರೆ ಹೆತ್ತವರ ಒಪ್ಪಿಗೆ ಬೇಕು. ಸೇವಾಸಂಸ್ಥೆ ಎಂಬ ಒಂದೇ ಕಾರಣಕ್ಕೆ ಇದರಿಂದ ವಿನಾಯಿತಿ ಸಿಗದು.

ನಾಳೆಯೇ ಸ್ವಂತ ಸರ್ವರ್ ಇಡಬೇಕೆಂದು ನಾವು ಹೇಳುತ್ತಿಲ್ಲ. ಮುಂದಿನ ಮಹಾಸಭೆಯಲ್ಲಿ ನಾಲ್ಕು ತೀರ್ಮಾನ ಮಾಡಿದರೆ ಸಾಕು. ಅಕೌಂಟ್ ಸಂಸ್ಥೆಯ ಹೆಸರಲ್ಲಿರಲಿ, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳಲ್ಲಿರಲಿ. ತಿಂಗಳಿಗೊಮ್ಮೆ ಎಲ್ಲ ಫೈಲುಗಳ ಪ್ರತಿ ಕಚೇರಿಯ ಹಾರ್ಡ್‌ಡಿಸ್ಕಿಗೆ ಬರಲಿ. ಲೆಕ್ಕಪತ್ರಕ್ಕೆ ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶ ಬಳಸಲಿ. ಅದು ಪುಕ್ಕಟೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅಗತ್ಯವಿಲ್ಲದ ಆಧಾರ್ ಪ್ರತಿ ಕೇಳುವುದೇ ಬೇಡ, ಪಡೆದದ್ದನ್ನು ಕೆಲಸ ಮುಗಿದ ಮೇಲೆ ಅಳಿಸಲಿ.

ಕಮಿಟಿ ಬದಲಾದಾಗ ಹಳಬರು ಹೊಸಬರಿಗೆ ಪೆಟ್ಟಿಗೆಯ ಕೀಲಿಕೈ, ಲೆಕ್ಕದ ಪುಸ್ತಕ ಒಪ್ಪಿಸುವ ಕ್ರಮ ನಮ್ಮಲ್ಲಿದೆ. ಪಾಸ್‌ವರ್ಡೂ ಆ ಪಟ್ಟಿಗೆ ಸೇರಲಿ. ನಮ್ಮ ಮನೆಯ ವಿವರ ಎಲ್ಲಿದೆ, ಯಾರು ನೋಡುತ್ತಾರೆ ಎಂದು ಕೇಳುವ ಹಕ್ಕು ಪ್ರತಿ ಮನೆಗೂ ಇದೆ. ಗಂಡಸರು ಕೇಳದಿದ್ದರೆ ಹೆಂಗಸರು ಕೇಳಲಿ.